ಚಿನ್ನ ಬೆರೆಸಿ ಕಪ್ಪು ಮಾಡಿದವರು

(ಆಭರಣ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಜಾಗದಲ್ಲಿ ಒಂದೆರಡು ಮಾತು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಡವೆ ಅಂಗಡಿಯ ಬಿಲ್ಲು ನೀವೆಲ್ಲ ನೋಡಿದ್ದೀರಿ. ಮೊದಲು ತೂಕ. ಆಮೇಲೆ ಆ ದಿನದ ದರ. ಕೊನೆಗೆ ವೇಸ್ಟೇಜು, ಮೇಕಿಂಗ್ ಚಾರ್ಜು. ನಾವು ಚೌಕಾಸಿ ಮಾಡೋದು ಎಲ್ಲಿ? ಚಿನ್ನದ ದರ ಯಾರ ಕೈಯಲ್ಲೂ ಇಲ್ಲ. ಹಾಗಾಗಿ ಚೌಕಾಸಿಯೆಲ್ಲ ಮಾಡಿದವನ ಕೂಲಿಯಲ್ಲಿ. ಹತ್ತು ವರ್ಷ ಬಿಟ್ಟು ಅದೇ ಒಡವೆ ಮಾರಲು ಹೋದರೆ ಆ ಕೂಲಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಕೆಲಸ ಕರಗಿಹೋಗುತ್ತದೆ, ಲೋಹ ಉಳಿಯುತ್ತದೆ.

ಈಗ ಒಬ್ಬ ಕುಶಲಕರ್ಮಿ ತಾಮ್ರ ಕರಗಿಸುತ್ತಿದ್ದಾನೆ ಅಂದುಕೊಳ್ಳಿ. ಅದಕ್ಕೆ ನೂರಕ್ಕೆ ಮೂರೋ ನಾಲ್ಕೋ ಪಾಲು ಚೊಕ್ಕ ಚಿನ್ನ ಹಾಕುತ್ತಾನೆ. ಎರಕ ಆರಿದ ಮೇಲೆ ನೋಡಿದರೆ ಅದು ತಾಮ್ರದ ಹಾಗೇ ಇದೆ. ಚಿನ್ನ ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಆಮೇಲೆ ಅದನ್ನು ಒಂದು ದ್ರಾವಣದಲ್ಲಿ ಕುದಿಸುತ್ತಾನೆ. ನಿಧಾನವಾಗಿ ಅದು ಕಪ್ಪಾಗುತ್ತದೆ. ಮಸಿಯ ಕಪ್ಪಲ್ಲ, ನೇರಳೆ ಹಣ್ಣಿನ ಸಿಪ್ಪೆಯಂಥ ನೀಲಿಗಪ್ಪು. ಚಿನ್ನ ಹಾಕಿದ್ದೇ ಆ ಕಪ್ಪಿಗಾಗಿ. ಬರೀ ತಾಮ್ರವನ್ನು ಅದೇ ದ್ರಾವಣದಲ್ಲಿ ಕುದಿಸಿದರೆ ಕೆಂಪೋ ಕಂದೋ ಆಗುತ್ತದೆ, ಈ ಕಪ್ಪು ಬರುವುದಿಲ್ಲ.

ಈ ಮಿಶ್ರಲೋಹವನ್ನು ಜಪಾನಿನಲ್ಲಿ ಶಕುಡೊ ಎನ್ನುತ್ತಾರೆ. ನಮ್ಮ ಬಿಲ್ಲಿನ ಲೆಕ್ಕದಲ್ಲಿ ಇದು ಹುಚ್ಚು ಕೆಲಸ. ಆ ಹುಚ್ಚು ಮಾಡಿದವರ ಬಗ್ಗೆ ಇವತ್ತು ಮಾತಾಡುತ್ತೇನೆ.

ಪರದೆ ನೋಡಿ. ಇದು ಕತ್ತಿಯ ತ್ಸುಬಾ. ಅಲಗಿಗೂ ಹಿಡಿಗೂ ನಡುವೆ ಇರುವ ಬಿಲ್ಲೆ. ಹೆಚ್ಚೆಂದರೆ ಏಳೆಂಟು ಸೆಂಟಿಮೀಟರ್ ಅಗಲ, ಅಂಗೈಯಲ್ಲಿ ಕೂರುತ್ತದೆ. ನಡುವಿನ ತ್ರಿಕೋನದಂಥ ತೂತಿನಲ್ಲಿ ಅಲಗಿನ ಬಾಲ ಹೋಗುತ್ತದೆ. ಪಕ್ಕದ ತೂತುಗಳು ಒರೆಯಲ್ಲಿ ಸಿಕ್ಕಿಸುವ ಪುಟ್ಟ ಚಾಕು ಮತ್ತು ಕೂದಲು ಸರಿಮಾಡುವ ಕಡ್ಡಿಗೆ. ಆ ಚಾಕುವಿನ ಹಿಡಿಗೆ ಕೊಝುಕಾ ಎಂದು ಹೆಸರು, ಕಡ್ಡಿಗೆ ಕೊಗೈ. ಹಿಡಿಯ ಮೇಲೆ ಸುತ್ತಿದ ಪಟ್ಟಿಯ ಕೆಳಗೆ ಇಣುಕುವ ಎರಡು ಪುಟಾಣಿ ಉಬ್ಬುಗೊಂಬೆಗಳು ಮೆನುಕಿ. ಹುರುಳಿಕಾಯಿಯಷ್ಟೇ ಉದ್ದದ ಮೆನುಕಿಯಲ್ಲಿ ಒಂದು ಹುಲಿ, ಅದರ ಮೀಸೆ, ಅದರ ಉಗುರು ಎಲ್ಲ ಇರುತ್ತವೆ.

ಜಪಾನಿನ ಕತ್ತಿ ಎಂದರೆ ಎಲ್ಲರೂ ಅಲಗಿನ ಬಗ್ಗೆ ಮಾತಾಡುತ್ತಾರೆ. ಉಕ್ಕನ್ನು ಮಡಿಸಿ ಮಡಿಸಿ ಬಡಿದದ್ದು, ಹರಿತ, ಇತ್ಯಾದಿ. ಅದು ದೊಡ್ಡ ವಿದ್ಯೆಯೇ, ಸಂಶಯವಿಲ್ಲ. ಆದರೆ 1603ರಿಂದ 1868ರ ತನಕ, ತೊಕುಗಾವಾ ಆಳ್ವಿಕೆಯಲ್ಲಿ, ದೇಶದೊಳಗೆ ಯುದ್ಧ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಸಮುರಾಯ್ ಸೊಂಟದಲ್ಲಿ ಎರಡು ಕತ್ತಿ ಇರಲೇಬೇಕು, ಆದರೆ ಒರೆಯಿಂದ ಎಳೆಯುವ ಸಂದರ್ಭ ಬರುವುದೇ ಅಪರೂಪ. ಅಲಗು ಯಾರಿಗೂ ಕಾಣುವುದಿಲ್ಲ. ಕಾಣುವುದು ಈ ಬಿಲ್ಲೆ, ಈ ಹಿಡಿ, ಈ ಪುಟ್ಟ ಚಾಕು. ಹಾಗಾಗಿ ಆ ಎರಡೂವರೆ ಶತಮಾನದ ಕೈಚಳಕವೆಲ್ಲ ಇಲ್ಲಿ ಬಂದು ಕೂತಿತು.

ಈ ಕೆಲಸದ ಹಳೆಯ ಮನೆತನ ಗೊತೊ. ಮೂಲಪುರುಷ ಗೊತೊ ಯೂಜೊ, 1440ರಿಂದ 1512ರವರೆಗೆ ಬದುಕಿದ್ದ. ಆಶಿಕಾಗಾ ವಂಶದ ಶೋಗನ್, ಅಂದರೆ ದೇಶವಾಳುವ ಸೇನಾಧಿಪತಿ, ಯೊಶಿಮಸನ ಆಶ್ರಯದಲ್ಲಿದ್ದ. ಅವನ ಬಗ್ಗೆ ಒಂದು ದಂತಕತೆ ಇದೆ: ಯಾರೋ ಚಾಡಿ ಹೇಳಿ ಅವನನ್ನು ಸೆರೆಗೆ ಹಾಕಿಸಿದರಂತೆ. ಅಲ್ಲಿ ಕಾವಲುಗಾರನಿಂದ ಚಾಕು ಕೇಳಿ ಪಡೆದು, ತಿಂದು ಬಿಟ್ಟ ಪೀಚ್ ಹಣ್ಣಿನ ಓಟೆಯ ಮೇಲೆ ದೇವರ ಉತ್ಸವವನ್ನೂ ಮಂಗಗಳ ಗುಂಪನ್ನೂ ಕೊರೆದನಂತೆ. ಅದನ್ನು ನೋಡಿದ ಶೋಗನ್ ಅವನನ್ನು ಬಿಟ್ಟುಬಿಟ್ಟ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗಂತೂ ನಮ್ಮ ಜಕಣಾಚಾರಿಯ ಕತೆಯಷ್ಟೇ ನಂಬಿಕೆ.

ಯೂಜೊನಿಂದ ಹಿಡಿದು ಹದಿನೇಳು ತಲೆಮಾರು ಈ ಮನೆತನ ನಡೆಯಿತು. ಅವರದು ದರ್ಬಾರಿ ಶೈಲಿ. ಶಕುಡೊದ ಕಪ್ಪು ನೆಲ, ಅದರ ಮೇಲೆ ಚಿನ್ನದ ಉಬ್ಬು: ಡ್ರ್ಯಾಗನ್, ಸಿಂಹ, ಹೂವು. ಶೋಗನ್‌ನ ಕೋಟೆಗೆ ಹೋಗುವಾಗ ಕತ್ತಿ ಹೇಗಿರಬೇಕು ಎಂಬುದಕ್ಕೂ ಕಟ್ಟುಪಾಡು ಇತ್ತು. ಕಪ್ಪು ಅರಗಿನ ಒರೆ, ಗೊತೊ ಮನೆತನದ ಸಾಮಾನು. ಹಳೆಯ ಸಾಮಾನಿಗೆ ಇದು ಇಂಥ ತಲೆಮಾರಿನದು, ಇಷ್ಟು ಬೆಲೆಬಾಳುತ್ತದೆ ಎಂದು ಬರೆದುಕೊಡುವ ಪತ್ರವನ್ನೂ ಇದೇ ಮನೆಯವರು ಕೊಡುತ್ತಿದ್ದರು. ಆ ಬೆಲೆಯನ್ನು ಚಿನ್ನದ ನಾಣ್ಯದ ಲೆಕ್ಕದಲ್ಲಿ ಬರೆಯುತ್ತಿದ್ದರು. ಹದಿನಾರನೇ ಶತಮಾನದ ಕೊನೆಯಲ್ಲಿ ದೇಶವಾಳಿದ ಹಿಡೆಯೊಶಿಯ ಕಾಲದಿಂದ ಓಬಾನ್ ಎಂಬ ದೊಡ್ಡ ಚಿನ್ನದ ನಾಣ್ಯ ಮಾಡುವ ಹೊಣೆಯೂ ಗೊತೊ ಮನೆಯದೇ. ಅಂದರೆ ಇವರು ಚಿನ್ನದ ಬೆಲೆ ಗೊತ್ತಿಲ್ಲದ ಸಾಧುಗಳೇನಲ್ಲ. ದೇಶದ ಚಿನ್ನ ಅವರ ಕೈಯ ಮೇಲೇ ಹೋಗುತ್ತಿತ್ತು. ಆದರೂ ಪತ್ರದಲ್ಲಿ ಬರೆದ ಬೆಲೆ ಆ ಪುಟ್ಟ ವಸ್ತುವಿನಲ್ಲಿದ್ದ ಲೋಹದ ಬೆಲೆಗಿಂತ ಎಷ್ಟೋ ಪಾಲು ಜಾಸ್ತಿ. ಕೊಳ್ಳುವವನು ಕೊಡುತ್ತಿದ್ದದ್ದು ಕೈಗೆ, ತಲೆಮಾರಿಗೆ.

ಈ ಚಿತ್ರದಲ್ಲಿ ಕಪ್ಪು ನೆಲದ ಮೇಲೆ ಸಣ್ಣ ಸಣ್ಣ ಚುಕ್ಕಿಗಳು ಕಾಣುತ್ತಿವೆಯಲ್ವಾ? ಹಿಂದೆ ಕೂತವರಿಗೆ ಕಾಣುತ್ತಿರಲಿಕ್ಕಿಲ್ಲ, ದೊಡ್ಡದು ಮಾಡುತ್ತೇನೆ. ಇದಕ್ಕೆ ನನಕೊ ಎನ್ನುತ್ತಾರೆ. ತುದಿಯಲ್ಲಿ ಬಟ್ಟಲಿನಂತೆ ತಗ್ಗಿರುವ ಚಾಣವನ್ನು ಇಟ್ಟು ಒಂದು ಪೆಟ್ಟು. ಒಂದು ಗುಂಡು ಚುಕ್ಕಿ. ಅದರ ಪಕ್ಕ ಇನ್ನೊಂದು. ಒಂದು ಮಿಲಿಮೀಟರಿಗಿಂತ ಚಿಕ್ಕ ಚುಕ್ಕಿಗಳು, ಸಾಲು ಎಲ್ಲೂ ಸೊಟ್ಟಗಾಗಬಾರದು, ಚುಕ್ಕಿಯ ಮೇಲೆ ಚುಕ್ಕಿ ಏರಬಾರದು. ಒಂದು ಪೆಟ್ಟು ಜೋರಾದರೆ ಇಡೀ ನೆಲ ಹಾಳು, ಅಳಿಸಿ ತಿದ್ದುವ ಹಾಗಿಲ್ಲ. ಇದನ್ನೇ ಜೀವಮಾನವಿಡೀ ಮಾಡುವ ಬೇರೆ ಕೆಲಸಗಾರರಿದ್ದರು. ಹುಲಿ ಕೊರೆದವನ ಹೆಸರು ವಸ್ತುವಿನ ಮೇಲಿರುತ್ತದೆ. ಚುಕ್ಕಿ ಹೊಡೆದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ನನಗೆ ಈ ವಸ್ತುಗಳಲ್ಲಿ ಹುಲಿಗಿಂತ ಆ ನೆಲವೇ ಹೆಚ್ಚು ಹಿಡಿಸುತ್ತದೆ.

ಇನ್ನು ಬಣ್ಣ. ಇದು ನಿಮಗೆಲ್ಲ ಕೆಲಸಕ್ಕೆ ಬರುವ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಕೊಝುಕಾ ಮೇಲೆ ಐದು ಲೋಹ ಇವೆ ಅನ್ನಿ. ನೆಲಕ್ಕೆ ಶಕುಡೊ. ಬಂಡೆಗೆ ಶಿಬುಇಚಿ, ಅಂದರೆ ತಾಮ್ರಕ್ಕೆ ಸುಮಾರು ನಾಲ್ಕನೇ ಒಂದು ಪಾಲು ಬೆಳ್ಳಿ ಬೆರೆಸಿದ ಲೋಹ. ಮೇಪಲ್ ಎಲೆಗೆ ತಾಮ್ರ. ಚಂದ್ರನಿಗೆ ಬೆಳ್ಳಿ. ಜಿಂಕೆಯ ಕಣ್ಣಿಗೆ ಚಿನ್ನ. ಪ್ರತಿಯೊಂದನ್ನೂ ನೆಲದಲ್ಲಿ ಗುಂಡಿ ಕೊರೆದು ಕೂರಿಸಬೇಕು. ಗುಂಡಿಯ ಅಂಚು ಒಳಗೆ ಅಗಲವಾಗಿರುತ್ತದೆ, ಬಾಯಿ ಕಿರಿದು. ಲೋಹದ ತುಂಡನ್ನು ಇಟ್ಟು ಬಡಿದರೆ ಅದು ಒಳಗೆ ಹರಡಿ ಕಚ್ಚಿಕೊಳ್ಳುತ್ತದೆ. ಅಂಟು ಬೇಕಿಲ್ಲ. ಹೀಗೆ ನೆಲಕ್ಕೆ ಸಮವಾಗಿ ಕೂರಿಸುವುದೂ ಇದೆ, ಉಬ್ಬಾಗಿ ಎದ್ದು ಕಾಣುವಂತೆ ಕೂರಿಸುವುದೂ ಇದೆ. ಕೆಲಸ ಮಾಡುವಾಗ ವಸ್ತುವನ್ನು ಪೈನ್ ಮರದ ಅಂಟಿನ ಮುದ್ದೆಯಲ್ಲಿ ಹುಗಿದು ಹಿಡಿದುಕೊಳ್ಳುತ್ತಾರೆ. ನಮ್ಮ ಅಕ್ಕಸಾಲಿಗರು ಅರಗಿನಲ್ಲಿ ಕೂರಿಸುತ್ತಾರಲ್ಲ, ಅದೇ ಉಪಾಯ. ಚಾಣಗಳನ್ನು ಪ್ರತಿಯೊಬ್ಬನೂ ತಾನೇ ಬಡಿದು ತಯಾರಿಸಿಕೊಳ್ಳುತ್ತಾನೆ. ಒಬ್ಬನ ಹತ್ತಿರ ನೂರಾರು ಇರುತ್ತವೆ.

ಇಷ್ಟೆಲ್ಲ ಆದಮೇಲೂ ವಸ್ತು ಸಪ್ಪೆಯಾಗಿಯೇ ಕಾಣುತ್ತದೆ. ಶಕುಡೊ, ಶಿಬುಇಚಿ, ತಾಮ್ರ ಮೂರೂ ತಾಮ್ರದ ಅಣ್ಣತಮ್ಮಂದಿರಂತೆ ಇರುತ್ತವೆ. ಇದ್ದಿಲ ಪುಡಿಯಿಂದ ತಿಕ್ಕಿ ಎಣ್ಣೆಯ ಪಸೆ ಇಲ್ಲದಂತೆ ಶುದ್ಧ ಮಾಡುತ್ತಾರೆ. ಆಮೇಲೆ ಬೆರಳು ತಾಗಿಸುವ ಹಾಗಿಲ್ಲ, ತಾಗಿದರೆ ಅಲ್ಲಿ ಕಲೆ. ತಾಮ್ರದ ಲವಣಗಳನ್ನು ನೀರಿನಲ್ಲಿ ಕರಗಿಸಿ ಕುದಿಸುತ್ತಾರೆ. ಒಂದು ರೊಕುಶೊ, ತಾಮ್ರದ ಕಿಲುಬಿನಿಂದ ಬಂದದ್ದು. ಇನ್ನೊಂದು ಮೈಲುತುತ್ತ. ಇನ್ನು ಮುಳುಗಿಸಬೇಕು ಅನ್ನುವಾಗ ಬರುತ್ತದೆ ನೋಡಿ ಮೂಲಂಗಿ. ಬಿಳಿ ಮೂಲಂಗಿಯನ್ನು ತುರಿದು, ಆ ತುರಿಯ ರಸದಲ್ಲಿ ವಸ್ತುವನ್ನು ಅದ್ದಿ, ನೇರವಾಗಿ ದ್ರಾವಣಕ್ಕೆ ಇಳಿಸುತ್ತಾರೆ. ಬಣ್ಣ ಒಂದೇ ಸಮನೆ ಹತ್ತಲಿ ಅಂತ. ನಗಬೇಡಿ, ಇವತ್ತಿಗೂ ಅದನ್ನೇ ಮಾಡುತ್ತಾರೆ.

ಕುದಿಯುತ್ತಾ ಕುದಿಯುತ್ತಾ ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ, ಎಲ್ಲವೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಶಕುಡೊ ನೀಲಿಗಪ್ಪು. ಶಿಬುಇಚಿ ಮಳೆಗಾಲದ ಆಕಾಶದ ಬೂದು. ತಾಮ್ರ ಕಿತ್ತಳೆ ಬೆರೆತ ಕೆಂಪು. ಬೆಳ್ಳಿ ಬೆಳ್ಳಗೇ, ಚಿನ್ನ ಹಳದಿಯಾಗಿಯೇ. ಇದಕ್ಕೆ ನಿಇರೊ ಎಂದು ಹೆಸರು. ಕುಂಚದಿಂದ ಬಳಿದದ್ದು ಯಾವುದೂ ಇಲ್ಲ. ಮೇಲ್ಮೈಯ ತಾಮ್ರ ಆಕ್ಸೈಡ್ ಆಗಿ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳ್ಳಗಿನ ಪೊರೆ ಕಟ್ಟುತ್ತದೆ. ಆ ಪೊರೆಯೊಳಗೆ ಸಿಕ್ಕಿಕೊಂಡ ಚಿನ್ನದ ಅತಿಸೂಕ್ಷ್ಮ ಕಣಗಳಿಂದಾಗಿ ಕೆಂಪಾಗಬೇಕಾದ್ದು ಕಪ್ಪಾಗುತ್ತದೆ. ಅಂದರೆ ಕೊರೆಯುವವನು ಎಲ್ಲವೂ ಹೆಚ್ಚುಕಡಿಮೆ ಒಂದೇ ಬಣ್ಣವಿದ್ದಾಗ, ಮುಂದೆ ಬರುವ ಬಣ್ಣವನ್ನು ತಲೆಯಲ್ಲಿಟ್ಟುಕೊಂಡು ಕೆಲಸ ಮಾಡಬೇಕು.

ಇಲ್ಲಿ ಒಬ್ಬರು ಕೈ ಎತ್ತಿದರು: "ಸರ್, ಇದು ನಮ್ಮ ಬಿದರಿ ಕೆಲಸ ಅಲ್ವಾ?"

ಒಳ್ಳೆ ಪ್ರಶ್ನೆ. ಬಿದರಿಯಲ್ಲಿ ಮೂಲಲೋಹ ಸತು, ಅದಕ್ಕೆ ಸ್ವಲ್ಪ ತಾಮ್ರ. ಬೆಳ್ಳಿಯ ತಂತಿ, ತಗಡು ಕೂರಿಸಿ, ಬೀದರ್ ಕೋಟೆಯ ಹಳೇ ಮಣ್ಣನ್ನು ನವಸಾಗರದ ಜೊತೆ ಕುದಿಸಿದ ನೀರಿನಲ್ಲಿ ಕಪ್ಪು ಮಾಡುತ್ತಾರೆ. ನೆಲ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ತತ್ವ ಅದೇ: ಒಂದು ಲೋಹ ಮಣಿಯುತ್ತದೆ, ಇನ್ನೊಂದು ಮಣಿಯುವುದಿಲ್ಲ. ಒಬ್ಬರಿಂದ ಇನ್ನೊಬ್ಬರು ಕಲಿತರು ಎಂದು ನಾನು ಹೇಳುತ್ತಿಲ್ಲ. ಬಿದರಿಯದು ಎರಡು ಬಣ್ಣದ ಮಾತುಕತೆ, ಗಟ್ಟಿಯಾದ ವಿನ್ಯಾಸ, ದೂರದಿಂದಲೂ ಓದಿಸಿಕೊಳ್ಳುತ್ತದೆ. ಜಪಾನಿಯರು ಅದೇ ತತ್ವವನ್ನು ಚಿತ್ರಕಲೆಯ ಕಡೆ ಎಳೆದರು. ಬೀದರಿನ ಕೆಲಸಗಾರನನ್ನೂ ಕ್ಯೋಟೊದವನನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿದರೆ ಭಾಷೆ ಬಾರದಿದ್ದರೂ ಅರ್ಧ ಗಂಟೆಯಲ್ಲಿ ಮಾತಿಗೆ ಬೀಳುತ್ತಾರೆ ಅಂತ ನನಗೆ ಅನ್ನಿಸುತ್ತದೆ.

ಚಿತ್ರಕಲೆಯ ಕಡೆ ಎಂದೆನಲ್ಲ, ಅದಕ್ಕೆ ಮುಖ್ಯ ಕಾರಣ ಯೊಕೊಯಾ ಸೊಮಿನ್, 1670ರಿಂದ 1733. ಅವನೂ ಗೊತೊ ಪರಂಪರೆಯಲ್ಲೇ ಕಲಿತವನು. ಸರ್ಕಾರಿ ಸಂಬಳದ ಕೆಲಸ ಬಿಟ್ಟು ಊರಿನ ಗಿರಾಕಿಗಳಿಗೆ ಕೆಲಸ ಮಾಡತೊಡಗಿದ. ಅವನು ಕತಕಿರಿ ಎಂಬ ಕೊರೆತವನ್ನು ಮೇಲಕ್ಕೆತ್ತಿದ. ಚಾಣವನ್ನು ಓರೆಯಾಗಿ ಹಿಡಿದು ಒಂದೇ ಬಾರಿಗೆ ಎಳೆಯುವುದು. ಗೆರೆಯ ಒಂದು ಅಂಚು ಆಳ, ಇನ್ನೊಂದು ಅಂಚು ತೇಲು. ಕುಂಚ ಒತ್ತಿ ಎತ್ತಿದಂತೆ ಗೆರೆ ದಪ್ಪವಾಗಿ ತೆಳ್ಳಗಾಗುತ್ತದೆ. ಹನಬುಸಾ ಇಚ್ಚೊ ಎಂಬ ಚಿತ್ರಗಾರ ಅವನ ಗೆಳೆಯ, ಅವನ ಚಿತ್ರಗಳನ್ನೂ ಲೋಹಕ್ಕೆ ಇಳಿಸಿದ. ಹೀಗೆ ದರ್ಬಾರಿನ ಹೊರಗಿನ ಗಿರಾಕಿ ಬೆಳೆದಂತೆ, ಡ್ರ್ಯಾಗನ್ ಸಿಂಹಗಳ ಜಾಗಕ್ಕೆ ಬೀದಿಯ ಜನ, ಕಪ್ಪೆ, ಮಿಡತೆ, ಬದನೆಕಾಯಿ ಎಲ್ಲ ಬಂದವು.

1868ರಲ್ಲಿ ಶೋಗನ್ ಆಳ್ವಿಕೆ ಮುಗಿಯಿತು. ಚಕ್ರವರ್ತಿಯ ಹೆಸರಿನಲ್ಲಿ ಆಳುವ ಮೇಜಿ ಸರ್ಕಾರ ಬಂತು. 1876ರ ಮಾರ್ಚ್‌ನಲ್ಲಿ ಆಜ್ಞೆ ಹೊರಟಿತು: ಪೊಲೀಸರು, ಸೈನಿಕರು, ದರ್ಬಾರಿನ ಉಡುಪಿನಲ್ಲಿರುವವರು ಬಿಟ್ಟು ಯಾರೂ ಕತ್ತಿ ಧರಿಸುವಂತಿಲ್ಲ. ಹದಿನೇಳು ತಲೆಮಾರಿನ ಕಸುಬಿಗೆ ಗಿರಾಕಿಯೇ ಇಲ್ಲ. ಎಷ್ಟೋ ಜನ ಬೇರೆ ಕೆಲಸ ಹುಡುಕಿಕೊಂಡರು. ಹಳೆಯ ತ್ಸುಬಾಗಳು ರಾಶಿ ರಾಶಿಯಾಗಿ ಹೊರದೇಶಕ್ಕೆ ಹೋದವು.

ಉಳಿದುಕೊಂಡವರಲ್ಲಿ ಕಾನೊ ನತ್ಸುವೊ ಕತೆ ಹೇಳಲೇಬೇಕು. 1828ರಲ್ಲಿ ಕ್ಯೋಟೊದಲ್ಲಿ ಹುಟ್ಟಿದ. ಚಿಕ್ಕಂದಿನಲ್ಲೇ ಕತ್ತಿ ವ್ಯಾಪಾರಿಯೊಬ್ಬನ ಮನೆಗೆ ದತ್ತು ಹೋದ. ಅಂಗಡಿಯಲ್ಲಿ ಬಂದುಹೋಗುವ ಕತ್ತಿ ಸಾಮಾನು ನೋಡುತ್ತಾ ಬೆಳೆದ ಹುಡುಗ ತಾನೇ ಕೊರೆಯಲು ಶುರುಮಾಡಿದ. ಲೋಹದ ಗುರುಗಳ ಬಳಿ ಕಲಿತ, ಜೊತೆಗೆ ಮರುಯಾಮ ಪರಂಪರೆಯ ಚಿತ್ರಗಾರನ ಬಳಿ ಚಿತ್ರ ಕಲಿತ. ಆ ಪರಂಪರೆಯಲ್ಲಿ ಹಕ್ಕಿ ಬರೆಯಬೇಕಾದರೆ ಮೊದಲು ಹಕ್ಕಿಯನ್ನು ನೋಡಬೇಕು. 1854ರಲ್ಲಿ ಎಡೊಗೆ, ಅಂದರೆ ಇವತ್ತಿನ ಟೋಕಿಯೋಗೆ, ಬಂದು ಅಂಗಡಿ ಇಟ್ಟ.

ಹೊಸ ಸರ್ಕಾರಕ್ಕೆ ಹೊಸ ನಾಣ್ಯ ಬೇಕಿತ್ತು. ಹಾಂಗ್‌ಕಾಂಗ್‌ನಲ್ಲಿ ಬ್ರಿಟಿಷರು ಮುಚ್ಚಿದ್ದ ಟಂಕಸಾಲೆಯ ಯಂತ್ರಗಳನ್ನು ಕೊಂಡು ಒಸಾಕಾದಲ್ಲಿ ಟಂಕಸಾಲೆ ಕಟ್ಟಿದರು. 1871ರಲ್ಲಿ ಅದು ತೆರೆಯಿತು. ಮಾದರಿಗಳನ್ನು ಮಾಡಿಕೊಡಲು 1869ರಲ್ಲೇ ನತ್ಸುವೊಗೆ ಹೇಳಿದ್ದರು. ಅಚ್ಚನ್ನು ಬ್ರಿಟನ್ನಿನಲ್ಲಿ ಮಾಡಿಸುವ ಯೋಚನೆ ಇತ್ತು. ನತ್ಸುವೊ ಕೊರೆದ ಮಾದರಿ ನೋಡಿದ ಮೇಲೆ ಆ ಯೋಚನೆ ಬಿಟ್ಟರು. ಇದಕ್ಕಿಂತ ಚೆನ್ನಾಗಿ ಅಲ್ಲಿಯೂ ಯಾರೂ ಮಾಡಲಾರರು ಎಂದು ಗೊತ್ತಾಯಿತು. ಹಳೆಯ ಬೆಳ್ಳಿ ಯೆನ್ ಮೇಲಿನ ಡ್ರ್ಯಾಗನ್ ನೋಡಿ. ಮೈತುಂಬ ಹುರುಪೆ, ಒಂದೊಂದೂ ಬೇರೆ. ಕತ್ತಿಯ ಬಿಲ್ಲೆ ಕೊರೆಯುತ್ತಿದ್ದ ಕೈಯೇ ದೇಶದ ಜೇಬಿಗೆಲ್ಲ ಡ್ರ್ಯಾಗನ್ ತುಂಬಿತು. ನನಗೆ ಈ ಕತೆ ಇಷ್ಟ. ಯಾಕೆಂದರೆ ನಾಣ್ಯ ಅನ್ನುವುದು ಲೋಹಕ್ಕೆ ತೂಕದ ಬೆಲೆ ಕಟ್ಟುವ ವಸ್ತು. ಅದನ್ನು ಮಾಡಲು ಅವರು ಹುಡುಕಿಕೊಂಡು ಹೋದದ್ದು ತೂಕವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ಕಸುಬಿನವನನ್ನು.

ನತ್ಸುವೊ 1890ರಲ್ಲಿ ಟೋಕಿಯೋ ಕಲಾಶಾಲೆಯಲ್ಲಿ ಪ್ರಾಧ್ಯಾಪಕನಾದ. ಅದೇ ವರ್ಷ ಅರಮನೆಯ ಕಲಾವಿದ ಎಂಬ ಗೌರವವೂ ಬಂತು. 1898ರಲ್ಲಿ ತೀರಿಕೊಂಡ. ಗುರುವಿನ ಮನೆಯಲ್ಲಿ ನೆಲ ಒರೆಸಿ ಕಲಿಯುತ್ತಿದ್ದ ವಿದ್ಯೆಗೆ ಈಗ ತರಗತಿ, ಹಾಜರಿ, ಸರ್ಟಿಫಿಕೇಟು.

ಉಳಿದವರು ಹೊರದೇಶದ ಗಿರಾಕಿಯ ಕಡೆ ತಿರುಗಿದರು. 1873ರ ವಿಯೆನ್ನಾ ಪ್ರದರ್ಶನದಲ್ಲಿ ಜಪಾನಿನ ಸಾಮಾನಿಗೆ ಬೇಡಿಕೆ ಬಂದದ್ದನ್ನು ನೋಡಿ ಮರುವರ್ಷವೇ ಸರ್ಕಾರದ ಬೆಂಬಲದಿಂದ ಕಿರ್ಯು ಕೊಶೊ ಎಂಬ ರಫ್ತು ಕಂಪನಿ ಹುಟ್ಟಿತು. ಕತ್ತಿಯ ಮೇಲಿದ್ದ ಕೆಲಸ ಹೂದಾನಿಗೆ, ಧೂಪದಾನಿಗೆ, ಸಿಗರೇಟು ಡಬ್ಬಿಗೆ ಹೋಯಿತು. ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳಲಾರೆ. ಯುರೋಪಿನ ದಿವಾನಖಾನೆಗೆ ಅಂತ ಮಾಡಿದ ಎಷ್ಟೋ ಹೂದಾನಿಗಳಲ್ಲಿ ಖಾಲಿ ಜಾಗವೇ ಇಲ್ಲ, ನೋಡಿದರೆ ಉಸಿರು ಕಟ್ಟುತ್ತದೆ. ಗಿರಾಕಿ ಕೇಳಿದ್ದು ಅದು, ಇವರು ಕೊಟ್ಟದ್ದು ಅದು.

ಆದರೆ ಸುಝುಕಿ ಚೊಕಿಚಿಯ ಹನ್ನೆರಡು ಗಿಡುಗಗಳನ್ನು ನೋಡಿ. 1893ರ ಷಿಕಾಗೊ ಪ್ರದರ್ಶನಕ್ಕೆ ವ್ಯಾಪಾರಿ ಹಯಾಶಿ ತದಮಸ ಮಾಡಿಸಿದ್ದು. ಸಾಲಾಗಿ ಕೂತ ಹನ್ನೆರಡು ಗಿಡುಗ, ಒಂದೊಂದರ ಬಣ್ಣ ಬೇರೆ, ಭಂಗಿ ಬೇರೆ. ಒಂದು ರೆಕ್ಕೆ ಬಿಚ್ಚಿದೆ, ಒಂದು ಕತ್ತು ತಿರುಗಿಸಿದೆ. ಗರಿಗಳ ಬೂದು, ಕಪ್ಪು, ಕಂದು ಎಲ್ಲ ಲೋಹದ್ದೇ ಬಣ್ಣ. ಈಗ ಕನಝಾವಾದ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ.

ಇನ್ನೊಬ್ಬ ಉನ್ನೊ ಶೊಮಿನ್, ಮಿತೊ ಊರಿನವನು. 1890ರ ದೇಶೀಯ ಪ್ರದರ್ಶನಕ್ಕೆ ರಾನ್ರ್ಯೊ-ಓ ಎಂಬ ನೃತ್ಯದ ನರ್ತಕನ ಲೋಹದ ಗೊಂಬೆ ಮಾಡಿದ. ಬಟ್ಟೆಯ ಕಸೂತಿ ಕೂಡ ಲೋಹದಲ್ಲಿ ಲೋಹ ಕೂರಿಸಿ ಮಾಡಿದ್ದು. ನರ್ತಕನ ಮುಖವಾಡವನ್ನು ತೆಗೆಯಬಹುದು, ಒಳಗೆ ಮುಖವಿದೆ. ಒಕಯಾಮದ ಶೊಆಮಿ ಕತ್ಸುಯೊಶಿ, ಹುಳಹುಪ್ಪಟೆಗಳನ್ನು ಅವನಷ್ಟು ಪ್ರೀತಿಯಿಂದ ಲೋಹಕ್ಕೆ ತಂದವರು ಕಡಿಮೆ. 1832ರಲ್ಲಿ ಹುಟ್ಟಿದವನು, ಮೊದಲು ಸಂಸ್ಥಾನದ ಸಂಬಳ ಹೋಯಿತು, ಆಮೇಲೆ ಕತ್ತಿಯೇ ಹೋಯಿತು, 1899ರಲ್ಲಿ ಅರವತ್ತೇಳರ ವಯಸ್ಸಿನಲ್ಲಿ ಕ್ಯೋಟೊಗೆ ಮನೆ ಬದಲಿಸಿ ಮತ್ತೆ ಕೆಲಸಕ್ಕೆ ಕೂತ.

ಒಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಜಪಾನಿನ ಈ ಬಣ್ಣದ ಲೋಹ ನೋಡಿ ಅಮೆರಿಕದ ಟಿಫನಿ ಕಂಪನಿ ಮರುಳಾಯಿತು. ಅವರ ಬೆಳ್ಳಿ ವಿಭಾಗದ ಎಡ್ವರ್ಡ್ ಮೂರ್ ಬೆಳ್ಳಿಯ ಹೂಜಿಗಳ ಮೇಲೆ ತಾಮ್ರದ ಮೀನು, ಕಪ್ಪು ಲೋಹದ ಬಳ್ಳಿ ಕೂರಿಸಿದ. 1878ರ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ಬಹುಮಾನವೂ ಬಂತು. ಇಂಗ್ಲೆಂಡಿನವರಿಗೂ ಆಸೆಯಿತ್ತು, ಆದರೆ ಅಲ್ಲಿ ಹಾಲ್‌ಮಾರ್ಕ್ ಕಾನೂನು ಅಡ್ಡ ಬಂತು. ಬೆಳ್ಳಿಯ ಮೇಲೆ ಕೀಳು ಲೋಹ ಕೂರಿಸಿದರೆ ಬೆಳ್ಳಿಯ ಮುದ್ರೆ ಸಿಗುವುದಿಲ್ಲ. ಲೋಹ ಚೊಕ್ಕವಾಗಿರಲಿ ಎಂಬ ನಿಯಮ ಒಂದು ಕಲೆಯನ್ನೇ ಬಾಗಿಲ ಹೊರಗೆ ನಿಲ್ಲಿಸಿತು. ಟಿಫನಿಯವರು ತಮ್ಮ ಪಾತ್ರೆಗಳ ತಳದಲ್ಲಿ 'ಸ್ಟರ್ಲಿಂಗ್ ಬೆಳ್ಳಿ ಮತ್ತು ಇತರ ಲೋಹಗಳು' ಎಂದು ಪ್ರಾಮಾಣಿಕವಾಗಿ ಅಚ್ಚು ಹೊಡೆದರು. ನೀವೆಲ್ಲ ನಾಳೆ ಹಾಲ್‌ಮಾರ್ಕ್ ಇರುವ ಮಾರುಕಟ್ಟೆಗೇ ಹೋಗುವವರು, ಅದಕ್ಕೆ ಹೇಳಿದೆ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು ಕೇಳಿದರು, ಇವತ್ತು ಇದನ್ನು ಯಾರಾದರೂ ಮಾಡುತ್ತಾರಾ? ಮಾಡುತ್ತಾರೆ. ನತ್ಸುವೊ ಪಾಠ ಮಾಡಿದ ಶಾಲೆ ಈಗ ಟೋಕಿಯೋ ಕಲಾ ವಿಶ್ವವಿದ್ಯಾಲಯ, ಅಲ್ಲಿ ಲೋಹಕೆತ್ತನೆ ಇವತ್ತಿಗೂ ಕಲಿಸುತ್ತಾರೆ. ಉನ್ನೊ ಶೊಮಿನ್‌ನ ಮಗ ಉನ್ನೊ ಕಿಯೊಶಿಗೆ 1955ರಲ್ಲಿ ಜೀವಂತ ರಾಷ್ಟ್ರನಿಧಿ ಎಂಬ ಗೌರವ ಸಿಕ್ಕಿತು. ಇನ್ನೊಂದು ಕವಲು ಮೊಕುಮೆಗನೆ: ಬೇರೆ ಬೇರೆ ಬಣ್ಣದ ಲೋಹದ ತಗಡುಗಳನ್ನು ಪೇರಿಸಿ ಬೆಸೆದು, ಕೊರೆದು, ತಟ್ಟಿ ಮರದ ಎಳೆಯಂಥ ವಿನ್ಯಾಸ ತರುವುದು. ಇದನ್ನು ಶುರುಮಾಡಿದವನು ಅಕಿತಾ ಊರಿನ ಶೊಆಮಿ ಡೆಂಬೆ, 1651ರಿಂದ 1728, ಎನ್ನುತ್ತಾರೆ. ಅದು ಈಗ ಮದುವೆಯ ಉಂಗುರವಾಗಿ ಜಪಾನ್, ಅಮೆರಿಕ ಎರಡೂ ಕಡೆ ಚೆನ್ನಾಗಿ ಮಾರಾಟವಾಗುತ್ತದೆ.

ಇನ್ನೊಬ್ಬರ ಪ್ರಶ್ನೆ, ಎಲ್ಲಿ ನೋಡಬಹುದು? ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್, ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂ, ಎರಡರಲ್ಲೂ ದೊಡ್ಡ ಸಂಗ್ರಹವಿದೆ. ಜಪಾನಿನಲ್ಲೇ ಮೇಜಿ ಕಾಲದ ಕೆಲಸಕ್ಕೆ ಬಹಳ ಕಾಲ ಬೆಲೆಯಿರಲಿಲ್ಲ, ರಫ್ತು ಮಾಲು ಎಂಬ ತಾತ್ಸಾರ. ಕ್ಯೋಟೊದ ಕಿಯೊಮಿಝು ಸನ್ನೆನ್‌ಝಾಕಾ ಮ್ಯೂಸಿಯಂ 2000ನೇ ಇಸವಿಯಲ್ಲಿ ಶುರುವಾಗಿದ್ದೇ, ಹೊರದೇಶಕ್ಕೆ ಹೋಗಿದ್ದನ್ನು ಮತ್ತೆ ಕೊಂಡು ತಂದ ಒಬ್ಬ ಸಂಗ್ರಾಹಕನಿಂದ. ನಮಗೆ ಹತ್ತಿರದಲ್ಲಿ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಜಪಾನಿ ವಸ್ತುಗಳ ವಿಭಾಗವೊಂದಿದೆ. ಹೋದಾಗ ಒಂದು ಭೂತಗನ್ನಡಿ ಜೇಬಿನಲ್ಲಿರಲಿ. ಫೋನಿನ ಕ್ಯಾಮೆರಾ ಜೂಮ್ ಮಾಡಿದರೆ ನನಕೊ ಚುಕ್ಕಿಗಳು ಕಲಸಿಹೋಗುತ್ತವೆ.